ಸಂ ಬೇರೆ, ಸ೦ ಬೇರೆ: ಕೋಡ್ ಎಡಿಟರಿಗೆ ಕನ್ನಡ ಫಾಂಟ್ ಹಾಕುವ ಮಾತು

ರುವೈಸ್, ಗಯಾತಿ, ಹಬ್ಶಾನ್, ಲಿವಾ ಕಡೆಯಿಂದ ವಾರದ ಒಂದೇ ರಜೆಯನ್ನು ಇದಕ್ಕೆಂದು ಕೊಟ್ಟು ಮದೀನತ್ ಜಾಯೆದ್‌ಗೆ ಬಂದಿದ್ದೀರಿ.

ಆಮಂತ್ರಣದಲ್ಲಿ ಪ್ರಧಾನ ಭಾಷಣ ಎಂದು ದೊಡ್ಡದಾಗಿ ಹಾಕಿದ್ದಾರೆ. ವಿಷಯ ಮಾತ್ರ ಚಿಕ್ಕದು. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವ ಎಡಿಟರಿಗೆ ನಮಗೆ ಬೇಕಾದ ಫಾಂಟ್ ಹಾಕಿಕೊಳ್ಳುವುದು ಹೇಗೆ ಎಂಬುದು. ಇದು ಐಟಿಯವರ ಮಾತು, ವೆಲ್ಡರಿಗೂ ಡ್ರೈವರಿಗೂ ಇದರಿಂದ ಏನಾಗಬೇಕು ಎಂದು ಹಿಂದಿನ ಸಾಲಿನವರು ಕೇಳಬಹುದು. ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಿದರೆ ಉತ್ತರ ಅದರಲ್ಲೇ ಸಿಗುತ್ತದೆ.

ನಮ್ಮ ಕ್ಯಾಂಪಿನ ಕನ್ನಡಿಗರು ಸೇರಿ ಒಂದು ಪಟ್ಟಿ ಮಾಡಿಟ್ಟಿದ್ದೇವೆ. ಹೆಸರು, ಊರು, ರಕ್ತದ ಗುಂಪು, ನುಂಗುತ್ತಿರುವ ಮಾತ್ರೆ, ಮನೆಯ ಫೋನ್ ನಂಬರು, ಎಲ್ಲವೂ ಕನ್ನಡದಲ್ಲಿ. ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಜನರಿಗೆ ತಮ್ಮ ವಿವರ ಸರಿಯಾಗಿದೆಯೇ ಎಂದು ತಾವೇ ಓದಿ ನೋಡಲು ಬರುವುದು ಕನ್ನಡ ಒಂದೇ. ಅದಕ್ಕೇ ಕನ್ನಡ. ನಮ್ಮ ಒಬ್ಬ ಹುಡುಗ ಹೆಸರು ಹಾಕಿದರೆ ವಿವರ ತೋರಿಸುವ ಸಣ್ಣ ಪ್ರೋಗ್ರಾಮನ್ನೂ ಬರೆದುಕೊಟ್ಟ.

ಆಗಸ್ಟ್ ತಿಂಗಳು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನು ನಿಮಗೆಲ್ಲ ಗೊತ್ತು. ಆದರೆ ಮೂರು ಗಂಟೆಯ ಮೇಲೂ ಈ ಮರುಭೂಮಿಯ ಧಗೆ ಇಳಿಯುವುದಿಲ್ಲ, ಅದೂ ಗೊತ್ತು. ಸಂಜೆ ಬಸ್ಸಿನಿಂದ ಇಳಿದ ಒಬ್ಬರು ಕೋಣೆಯ ಬಾಗಿಲಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದರು. ಅವರಿಗೆ ಮಾತಾಡುವ ಸ್ಥಿತಿ ಇರಲಿಲ್ಲ. ಪಟ್ಟಿ ಇದೆಯಲ್ಲ ಎಂದು ಧೈರ್ಯವಾಗಿ ಲ್ಯಾಪ್‌ಟಾಪ್ ತೆರೆದು ಹೆಸರು ಹಾಕಿದರೆ, ‘ಈ ಹೆಸರು ಪಟ್ಟಿಯಲ್ಲಿಲ್ಲ’ ಎಂದು ಬಂತು. ಮತ್ತೆ ಹಾಕಿದರೂ ಅದೇ. ಕೊನೆಗೆ ಕಡತವನ್ನು ಎಡಿಟರಿನಲ್ಲಿ ತೆರೆದು ಸಾಲುಸಾಲಾಗಿ ಕಣ್ಣಲ್ಲೇ ಹುಡುಕಿದೆ. ಹೆಸರು ಅಲ್ಲೇ ಇತ್ತು! ಮಾತ್ರೆಯ ಹೆಸರೂ ಇತ್ತು, ಹೆಂಡತಿಯ ನಂಬರೂ ಇತ್ತು. ಇಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದುಹೋಗಿತ್ತು. ದೇವರ ದಯೆ, ಅವರು ಗುಣವಾಗಿ ಕೆಲಸಕ್ಕೆ ಮರಳಿದ್ದಾರೆ.

ಇದ್ದ ಹೆಸರು ಪ್ರೋಗ್ರಾಮಿಗೆ ಯಾಕೆ ಕಾಣಲಿಲ್ಲ? ಅವರ ಹೆಸರು ‘ಸಂ’ ಅಕ್ಷರದಿಂದ ಶುರುವಾಗುತ್ತದೆ. ಪೂರ್ತಿ ಹೆಸರು ಇಲ್ಲಿ ಬೇಡ. ಪಟ್ಟಿಗೆ ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿದ್ದರು. ಕಣ್ಣಿಗೆ ಎರಡೂ ದುಂಡಗೆ. ಯುನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 0ಸಿ82, ಅಂಕಿ ಸೊನ್ನೆಯದು 0ಸಿಇ6. ಯಂತ್ರ ನೋಡುವುದು ಈ ಸಂಖ್ಯೆಯನ್ನು ಮಾತ್ರ. ನನ್ನ ಎಡಿಟರಿನಲ್ಲಿ ಆಗ ಇದ್ದ ಫಾಂಟಿನಲ್ಲಿ ಎರಡಕ್ಕೂ ಒಂದೇ ರೂಪ. ಬೇರೊಂದು ಫಾಂಟ್ ಹಾಕಿದ ಕೂಡಲೇ ಒಂದು ಸೊನ್ನೆ ಸಣ್ಣದಾಗಿ ಅಕ್ಷರಕ್ಕೆ ಅಂಟಿ ನಿಂತಿತು, ಇನ್ನೊಂದು ದೊಡ್ಡದಾಗಿ ದೂರ ನಿಂತಿತು. ಆ ಕಡತದಲ್ಲಿ ಇಂಥ ಹೆಸರುಗಳು ಇನ್ನೂ ಹನ್ನೊಂದು ಇದ್ದವು.

ಇಂಗ್ಲಿಷಿನಲ್ಲಿ ಕೋಡ್ ಬರೆಯುವವರು ಫಾಂಟ್ ಆರಿಸುವಾಗ ಮೊದಲು ನೋಡುವುದೇ ಇದನ್ನು. ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಎಲ್ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗಬೇಕು. ಅದಕ್ಕೇ ಅಂಥ ಫಾಂಟುಗಳಲ್ಲಿ ಸೊನ್ನೆಯ ಹೊಟ್ಟೆಗೆ ಒಂದು ಗೆರೆಯೋ ಚುಕ್ಕೆಯೋ ಇರುತ್ತದೆ. ಕನ್ನಡಕ್ಕೂ ಅಷ್ಟೇ ಎಚ್ಚರ ಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ‘ಮ’ ಮತ್ತು ‘ವು’ ಇವೆ, ‘ಥ’ ಮತ್ತು ‘ಧ’ ಇವೆ, ಅಂಕಿಗಳಲ್ಲಿ ೬ ಮತ್ತು ೭ ಇವೆ. ಸಣ್ಣ ಅಳತೆಯಲ್ಲಿ ಇವು ಒಂದರಂತೆ ಇನ್ನೊಂದು ಕಂಡರೆ ಆ ಫಾಂಟ್ ಮದುವೆಯ ಕಾಗದಕ್ಕೆ ಎಷ್ಟೇ ಚೆಂದವಿರಲಿ, ಎಡಿಟರಿಗೆ ಬೇಡ.

ಈಗ ಫಾಂಟ್ ಹಾಕುವ ಕೆಲಸಕ್ಕೆ ಬರೋಣ. ಕೋಡಿನ ಫಾಂಟುಗಳಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಅಗಲ. ಸಾಲು ಕೆಳಗೆ ಸಾಲು ಕೂಡಲಿ ಎಂದು ಹಾಗೆ. ಕನ್ನಡಕ್ಕೆ ಈ ಅಂಗಿ ಹೊಂದುವುದಿಲ್ಲ. ‘ರ’ ಎಷ್ಟು, ‘ಝ’ ಎಷ್ಟು? ಮೇಲೆ ಗುಣಿತ, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು. ಎಲ್ಲವನ್ನೂ ಒಂದೇ ಅಗಲದ ಡಬ್ಬಿಯಲ್ಲಿ ತುರುಕಿದರೆ ಓದುವವರ ಕಣ್ಣು ಸೋಲುತ್ತದೆ. ಆದ್ದರಿಂದ ಕೋಡಿಗೆಂದೇ ಮಾಡಿದ ಕನ್ನಡ ಫಾಂಟ್ ಹುಡುಕುತ್ತ ದಿನ ಕಳೆಯಬೇಡಿ. ಎರಡು ಫಾಂಟ್ ಜೊತೆಗೆ ಹಾಕಿ, ಕೋಡಿಗೆ ಒಂದು, ಕನ್ನಡಕ್ಕೆ ಒಂದು.

ವಿಎಸ್ ಕೋಡ್ ಎಂಬ ಎಡಿಟರನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ, ಪುಕ್ಕಟೆ ಸಿಗುತ್ತದೆ. ಕಂಟ್ರೋಲ್ ಕೀಲಿ ಹಿಡಿದು ಅಲ್ಪವಿರಾಮ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ಫಾಂಟ್ ಫ್ಯಾಮಿಲಿ ಎಂದು ಹುಡುಕಿ. ಆ ಜಾಗದಲ್ಲಿ ಒಂದೇ ಹೆಸರು ಇರಬೇಕೆಂದಿಲ್ಲ, ಅಲ್ಪವಿರಾಮ ಹಾಕಿ ಸಾಲಾಗಿ ಬರೆಯಬಹುದು. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಮೊದಲು ಕನ್ಸೋಲಾಸ್ ಅಥವಾ ಜೆಟ್‌ಬ್ರೈನ್ಸ್ ಮೋನೊದಂಥ ಇಂಗ್ಲಿಷ್ ಕೋಡ್ ಫಾಂಟ್, ಆಮೇಲೆ ಕನ್ನಡದ್ದು, ಕೊನೆಗೆ ಮೋನೊಸ್ಪೇಸ್ ಎಂಬ ಸಾಮಾನ್ಯ ಪದ. ಈ ಕ್ರಮ ತಪ್ಪಬಾರದು. ಎಡಿಟರ್ ಪ್ರತಿ ಅಕ್ಷರಕ್ಕೂ ಸಾಲಿನ ಮೊದಲ ಫಾಂಟನ್ನು ಕೇಳುತ್ತದೆ, ಅಲ್ಲಿ ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಅನೇಕ ಕನ್ನಡ ಫಾಂಟುಗಳ ಒಳಗೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಕನ್ನಡವನ್ನು ಮೊದಲಿಟ್ಟರೆ ಕೋಡೂ ಅದರಲ್ಲೇ ಮೂಡಿ ಸಾಲುಗಳೆಲ್ಲ ಅಡ್ಡಾದಿಡ್ಡಿಯಾಗುತ್ತವೆ. ಕನ್ನಡಕ್ಕೆ ಮೊದಲ ಗೌರವ ಕೊಡಬೇಕು ಎನ್ನುವವರು ಇಲ್ಲಿ ಮಾತ್ರ ಎರಡನೇ ಕುರ್ಚಿಗೆ ಒಪ್ಪಬೇಕು.

ಯಾವ ಕನ್ನಡ ಫಾಂಟ್? ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಇದೆ, ವಿಂಡೋಸ್ 8ರಿಂದ ನಿರ್ಮಲಾ ಯುಐ ಬರುತ್ತಿದೆ. ಉಚಿತವಾಗಿ ಇಳಿಸಿಕೊಳ್ಳಲು ಗೂಗಲ್‌ನ ನೋಟೊ ಸಾನ್ಸ್ ಕನ್ನಡ, ರೆಡ್ ಹ್ಯಾಟ್‌ನ ಲೋಹಿತ್ ಕನ್ನಡ ಇವೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಲಿನಕ್ಸಿನ ಭಂಡಾರದಲ್ಲೂ ಸಿಗುತ್ತವೆ. ನನ್ನ ಮಾತಿಗಿಂತ ನಿಮ್ಮ ಕಣ್ಣನ್ನು ನಂಬಿ. ಒಂದು ಖಾಲಿ ಕಡತದಲ್ಲಿ ಸಂಜೆ, ಸ೦ಜೆ, ಮನೆ, ವುಲ್ಲನ್, ರಾಷ್ಟ್ರ, ಸ್ತ್ರೀ, ಸೂರ್ಯ, ರ‍್ಯಾಂಕ್ ಎಂದು ಬರೆದಿಟ್ಟು, ಒಂದೊಂದೇ ಫಾಂಟ್ ಬದಲಿಸಿ ನೋಡಿ. ಕಂಪನಿಯ ಲ್ಯಾಪ್‌ಟಾಪ್, ಅಡ್ಮಿನ್ ಪಾಸ್‌ವರ್ಡ್ ಇಲ್ಲ ಎನ್ನುವವರೂ ಹೆದರಬೇಕಿಲ್ಲ. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಫಾಂಟಿನ ಮೇಲೆ ಬಲಗಡೆ ಒತ್ತಿ ಇನ್‌ಸ್ಟಾಲ್ ಎಂದರೆ ನಿಮ್ಮ ಖಾತೆಯ ಮಟ್ಟಿಗೆ ಕೂರುತ್ತದೆ. ಕಂಪನಿಯ ನಿಯಮ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಎಡಿಟರನ್ನು ಮುಚ್ಚಿ ತೆರೆಯಿರಿ, ಇಲ್ಲದಿದ್ದರೆ ಹೊಸ ಫಾಂಟ್ ಕಾಣದೆ ಹೋಗಬಹುದು.

ಹಾಕಿದ ಮೇಲೆ ಮೊದಲ ದೂರು ಒತ್ತಕ್ಷರದ ಕಾಲು ಕತ್ತರಿಸಿದಂತೆ ಕಾಣುತ್ತದೆ ಎಂಬುದು. ಎಡಿಟರುಗಳು ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಲೆಕ್ಕ ಹಾಕಿರುತ್ತವೆ. ‘ರಾಷ್ಟ್ರ’ದ ಎರಡು ಒತ್ತು ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಲೈನ್ ಹೈಟ್ ಎಂಬಲ್ಲಿ 1.7 ಅಥವಾ 1.8 ಎಂದು ಹಾಕಿ. ಎಂಟಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ ಅಕ್ಷರದ ಅಳತೆಯ ಅಷ್ಟು ಪಟ್ಟು ಎಂದು ಅದು ತಿಳಿಯುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುವವರು ಸ್ಟೈಲ್ ಕಾನ್ಫಿಗರೇಟರಿನಲ್ಲಿ ಫಾಂಟ್ ಬದಲಿಸಿ, ಪ್ರಿಫರೆನ್ಸಸ್‌ನಲ್ಲಿ ಡೈರೆಕ್ಟ್‌ರೈಟ್ ಎಂಬ ಆಯ್ಕೆ ಇದೆಯೇ ನೋಡಿಕೊಳ್ಳಿ.

ಇನ್ನೊಂದು ವಿಚಾರ. ವಿಎಸ್ ಕೋಡ್ ಕೆಲವು ಕಾಣದ ಅಕ್ಷರಗಳ ಸುತ್ತ ಹಳದಿ ಚೌಕ ಹಾಕುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವ’ ಸೇರಿ ಒತ್ತಾಗದಂತೆ ನಡುವೆ ಒಂದು ಕಾಣದ ಅಕ್ಷರ ಇರುತ್ತದೆ. ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತು ಬಾರದೆ ಯವೊತ್ತು ಬರಲಿ ಎಂದು ಇನ್ನೊಂದು ಬಗೆಯದು. ಯುನಿಕೋಡಿನಲ್ಲಿ ಅವು 200ಸಿ ಮತ್ತು 200ಡಿ. ಕಸವೆಂದು ಅಳಿಸಿಬಿಡಬೇಡಿ, ಪದದ ರೂಪವೇ ಕೆಡುತ್ತದೆ. ಆದರೆ ಹೆಸರು ಹುಡುಕುವ ಪ್ರೋಗ್ರಾಮ್ ಮಾತ್ರ ಹೋಲಿಸುವ ಹೊತ್ತಿಗೆ ಇವನ್ನು ಲೆಕ್ಕಕ್ಕೆ ಹಿಡಿಯಬಾರದು. ಒಬ್ಬರ ಫೋನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ.

ಫಾಂಟಿನ ತಪ್ಪಲ್ಲದ್ದನ್ನು ಫಾಂಟಿನ ತಲೆಗೆ ಕಟ್ಟುವುದೂ ಉಂಟು. ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಎಂದೇ ಅರ್ಥ, ಹಾಕಿದರೆ ಸರಿಯಾಗುತ್ತದೆ. ಎಕ್ಸೆಲ್‌ನಲ್ಲಿ ತೆರೆದಾಗ ತಲೆಬುಡವಿಲ್ಲದ ಯುರೋಪಿನ ಅಕ್ಷರಗಳು ಬಂದರೆ ಅದು ಎನ್‌ಕೋಡಿಂಗ್ ತೊಂದರೆ. ಎಡಿಟರಿನ ಕೆಳಪಟ್ಟಿಯಲ್ಲಿ ಯುಟಿಎಫ್-8 ಎಂದಿರುವಲ್ಲಿ ಒತ್ತಿ, ಬಿಒಎಂ ಸಹಿತ ಉಳಿಸಿ ಕಳಿಸಿ. ಮೂರನೆಯದು ಹಳೆಯ ನುಡಿ, ಬರಹ ಕಡತಗಳು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನೆಲ್ಲ ಮುಟ್ಟಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಜೋಡಣೆ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಕನ್ನಡ ಟೈಪ್ ಮಾಡುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಆ ಕಾಲದ ಕಡತಗಳಲ್ಲಿ ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳಿವೆ. ನುಡಿಯಲ್ಲಿ ಬರೆದ ‘ಕನ್ನಡ’ ಪದವನ್ನು ಎಡಿಟರಿನಲ್ಲಿ ತೆರೆದರೆ ಪಿ ಅಕ್ಷರ, ತಲೆಗೆರೆಯ ಎ, ಪೌಂಡ್ ಹಣದ ಚಿಹ್ನೆ ಎಂದೆಲ್ಲ ಕಾಣುತ್ತದೆ. ಎಡಿಟರಿಗೆ ನುಡಿ ಫಾಂಟ್ ಹಾಕಿದರೆ ಅದೇನೋ ಓದಲು ಬರುತ್ತದೆ, ಜೊತೆಗೆ ನಿಮ್ಮ ಕೋಡೂ ಕನ್ನಡದ ವೇಷ ಹಾಕಿ ಕುಣಿಯುತ್ತದೆ! ಪರಿವರ್ತಕದಿಂದ ಯುನಿಕೋಡಿಗೆ ತಂದುಕೊಂಡ ಮೇಲೆಯೇ ಕೆಲಸ ಶುರು ಮಾಡಿ.

ತುಳುವರು, ಬ್ಯಾರಿಗಳು, ಕೊಂಕಣಿಗರು ಇಲ್ಲಿ ಬಹಳ ಮಂದಿ ಇದ್ದೀರಿ. ಕನ್ನಡ ಲಿಪಿಯಲ್ಲಿ ನಿಮ್ಮ ಮಾತು ಬರೆಯಲು ಇವೇ ಫಾಂಟುಗಳು ಸಾಕು. ತುಳು-ತಿಗಳಾರಿ ಲಿಪಿ 2024ರ ಯುನಿಕೋಡ್ 16ರಲ್ಲಿ ಸೇರಿದೆ, ಅದಕ್ಕೆ ಬೇರೆಯೇ ಫಾಂಟ್ ಬೇಕು. ಅದು ಇನ್ನೊಂದು ಸಭೆಯ ಮಾತು.

ನಮ್ಮ ಪಟ್ಟಿಗೆ ಮರಳುತ್ತೇನೆ. ಹುಡುಗ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದ್ದಾನೆ. ಕನ್ನಡ ಅಕ್ಷರದ ಬೆನ್ನಿಗೆ ಅಂಕಿ ಸೊನ್ನೆ ಕಂಡರೆ ಅನುಸ್ವಾರ ಎಂದು ಹಿಡಿಯುತ್ತದೆ, ಕಾಣದ ಅಕ್ಷರಗಳನ್ನು ಬಿಟ್ಟು ಹೋಲಿಸುತ್ತದೆ. ನಿಮ್ಮ ಕ್ಯಾಂಪಿನಲ್ಲೂ ಇಂಥ ಪಟ್ಟಿ ಇದ್ದರೆ ಇವತ್ತೇ ತೆರೆದು, ಹುಡುಕುವ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಹಾಕಿ. ಹೆಸರಿನ ನಡುವೆ ಒಂದಾದರೂ ಸಿಕ್ಕಿದರೆ ಫಾಂಟನ್ನು ನಂಬದೆ ಬಾಣದ ಕೀಲಿಯಿಂದ ಪರೀಕ್ಷಿಸಿ. ‘ಸಂ’ ದಾಟಲು ಒಂದು ಹೆಜ್ಜೆ, ‘ಸ೦’ ದಾಟಲು ಎರಡು.

ಊಟದ ವಿರಾಮದಲ್ಲಿ ನಾನು ಹಿಂದಿನ ಮೇಜಿನ ಬಳಿ ಇರುತ್ತೇನೆ. ಫಾಂಟುಗಳು ಪೆನ್‌ಡ್ರೈವಿನಲ್ಲಿವೆ. ಲ್ಯಾಪ್‌ಟಾಪ್ ತಂದವರು ಅಲ್ಲಿಗೇ ಬನ್ನಿ, ಹಾಕಿಕೊಡುತ್ತೇನೆ.