ಹಿತ್ತಾಳೆ ತೋಟೆಯ ಕೊರಳು ಬಿರಿದದ್ದೇಕೆ?



ಬಂದೂಕಿನ ತೋಟೆಯ ಕವಚ ಹಿತ್ತಾಳೆಯದು. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತುವು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ದಂಡಿನಲ್ಲಿ, ಮಳೆಗಾಲ ಬಂತೆಂದರೆ, ಇಟ್ಟಲ್ಲೇ ಇದ್ದ ತೋಟೆಗಳ ಕೊರಳು ಬಿರಿಯುತ್ತಿತ್ತು. ಇಂಥಲ್ಲಿ ಮಾಡಿದವನ ಕೈ ಸರಿಯಿಲ್ಲವೆಂದುಬಿಡುವುದು ಸುಲಭ. ಆದರೆ ಕಾರಣ ಬೇರೆಯೇ ಇತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಅದನ್ನು ವಿವರಿಸಿದರು. ಲಾಯದಲ್ಲಿ ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಮಳೆಯ ತೇವ, ತಣ್ಣನೆಯ ಲೋಹವನ್ನು ಒತ್ತಿ ಎಳೆದಾಗ ಒಳಗೆ ಉಳಿದ ಬಿಗುವು, ಈ ಮೂರೂ ಕೂಡಿದರೆ ಹಿತ್ತಾಳೆ ಸೀಳುತ್ತದೆ.

ಪರಿಹಾರವೂ ಸರಳ. ಮದ್ದು ತುಂಬುವ ಮೊದಲೇ ಖಾಲಿ ಕವಚದ ಕೊರಳನ್ನು ಹದವಾಗಿ ಕಾಯಿಸಿದರೆ ಬಿಗುವು ಸಡಿಲುತ್ತದೆ. ಕಂಚುಗಾರ ಪಾತ್ರೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿಯುವುದನ್ನು ನಾವು ಕಂಡಿಲ್ಲವೇ? ಬುಡವನ್ನು ಮಾತ್ರ ಕಾಯಿಸಬಾರದು. ಅದು ಮೆತ್ತಗಾದರೆ ಸಿಡಿತದ ಒತ್ತಡ ತಡೆಯದು.

ಹಾರಿಸಿದ ಕವಚವನ್ನು ಮತ್ತೆ ತುಂಬುವವರು ನೆನಪಿಡಬೇಕಾದದ್ದು ಇಷ್ಟು. ಅಚ್ಚಿನಲ್ಲಿ ಎಣ್ಣೆ ಹೆಚ್ಚಾದರೆ ಕವಚದ ಹೆಗಲು ತಗ್ಗುತ್ತದೆ. ಎಣ್ಣೆ ಒರೆಸಿದರೆ ಆ ದೋಷ ನಿಲ್ಲುತ್ತದೆ. ಬಿರುಕು ಹಾಗಲ್ಲ. ಕೂದಲೆಳೆಯಷ್ಟಿದ್ದರೂ ಆ ಕವಚ ಗುಜರಿಗೇ ಹೋಗಬೇಕು. ಬುಡದ ಬಿರುಕಿನಿಂದ ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಹಾರಿಸುವವನ ಕಣ್ಣಿಗೇ ಅಪಾಯ.

ಮಾಲು ಕೆಟ್ಟಾಗ ಕೆಲಸಗಾರನನ್ನು ದೂರುವ ಮೊದಲು ಕಾರಣ ಹುಡುಕಿರೆಂದು ಕೇಳುವ ಹಕ್ಕು ನಮಗಿದೆ. ಹುಡುಕಲು ಬೇಕಾದ ತಿಳಿವಳಿಕೆಯನ್ನೂ ನಾವು ಗಳಿಸೋಣ.