ಕೇಳುವವರ ಪಾಲು



ಟೆಲಿವಿಷನ್ ಹೊಸದಾಗಿ ಬಂದ ಕಾಲದಲ್ಲಿ ಸಿದ್ದಾಪುರದಂಥ ಮಲೆನಾಡಿನ ಊರುಗಳಲ್ಲಿ ಉದ್ದನೆಯ ಕಂಬದ ತುದಿಗೆ ಆಂಟೆನಾ ಕಟ್ಟಿ, ಚಿತ್ರ ಸ್ಪಷ್ಟವಾಗುವವರೆಗೆ ತಿರುಗಿಸಬೇಕಾಗುತ್ತಿತ್ತು. ಗುಡ್ಡಗಳು ಅಲೆಗಳಿಗೆ ಅಡ್ಡ ಬರುತ್ತಿದ್ದವು. ಕಳುಹಿಸುವವರ ಕೆಲಸ ಪ್ರಸಾರ ಕೇಂದ್ರದಲ್ಲಿ ಮುಗಿಯುತ್ತಿತ್ತು. ಉಳಿದದ್ದು ನೋಡುವವರ ಪಾಲು. ಧರ್ಮೋಪದೇಶದ ವಿಷಯವೂ ಹೀಗೆಯೇ. ಚರ್ಚಿನಲ್ಲಿ ಉಪದೇಶ ಕೇಳಿ ಬಂದವರು ಬೋಧಕರಿಗೆ ಅಂಕ ಕೊಡುವುದುಂಟು. ಕೇಳಿದ ನಮಗೆಷ್ಟು ಅಂಕ? ಈ ಪ್ರಶ್ನೆಯನ್ನು ಬೈಬಲ್ಲೇ ಎತ್ತುತ್ತದೆ.

ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಬಿತ್ತುವವನ ಕಥೆಯಿದೆ. ಒಬ್ಬ ರೈತ ಬೀಜ ಬಿತ್ತುತ್ತಾನೆ. ಹಾದಿಯ ಮೇಲೆ ಬಿದ್ದದ್ದನ್ನು ಹಕ್ಕಿಗಳು ತಿನ್ನುತ್ತವೆ. ಕಲ್ಲುನೆಲದಲ್ಲಿ ಬಿದ್ದದ್ದು ಬೇಗ ಮೊಳೆತು, ಬೇರಿಗೆ ಆಳವಿಲ್ಲದೆ ಬಿಸಿಲಿಗೆ ಬಾಡುತ್ತದೆ. ಮುಳ್ಳುಗಿಡಗಳ ನಡುವೆ ಬಿದ್ದದ್ದು ಉಸಿರುಕಟ್ಟುತ್ತದೆ. ಒಳ್ಳೆಯ ನೆಲದಲ್ಲಿ ಬಿದ್ದದ್ದು ಮೂವತ್ತು, ಅರವತ್ತು, ನೂರರಷ್ಟು ಫಲ ಕೊಡುತ್ತದೆ. ಬಿತ್ತಿದವನು ಒಬ್ಬನೇ, ಬೀಜವೂ ಒಂದೇ, ಬೇರೆಯಾದದ್ದು ನೆಲ. ಆ ನೆಲವೆಂದರೆ ಕೇಳುವವರ ಮನಸ್ಸು ಎಂದು ಯೇಸುವೇ ಶಿಷ್ಯರಿಗೆ ಬಿಡಿಸಿ ಹೇಳಿದರು.

ಹಾಗಾದರೆ ಕಲ್ಲುನೆಲದಂಥ ಮನಸ್ಸಿನವನ ಗತಿಯೇನು ಎಂದು ನೀವು ಕೇಳಬಹುದು. ಉತ್ತರ ಸಿದ್ದಾಪುರದ ಅಡಿಕೆ ತೋಟಗಳಲ್ಲಿದೆ. ಅಲ್ಲಿನ ಮಣ್ಣು ತಾನಾಗಿಯೇ ಫಲವತ್ತಾಗಿ ಉಳಿದದ್ದಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು, ಗೊಬ್ಬರ ಹಾಕಿ, ಕಾಲುವೆ ಬಿಡಿಸಿ, ತಲೆಮಾರುಗಳ ಕಾಲ ಜನ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಮನಸ್ಸಿನ ನೆಲವನ್ನೂ ಹೀಗೆ ಹದಮಾಡಬಹುದು.

ಶ್ರದ್ಧೆಯಿಂದ ಕೇಳುವುದೆಂದರೆ ಕಣ್ಣುಮುಚ್ಚಿ ಒಪ್ಪುವುದೆಂದು ತಿಳಿಯಬೇಡಿ. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನವರ ಪ್ರಸ್ತಾಪವಿದೆ. ಪೌಲನಂಥ ದೊಡ್ಡ ಬೋಧಕನ ಮಾತನ್ನು ಅವರು ಆಸಕ್ತಿಯಿಂದಲೇ ಕೇಳಿದರು. ಆದರೂ ಅದು ಹೌದೋ ಅಲ್ಲವೋ ಎಂದು ದಿನವೂ ಧರ್ಮಗ್ರಂಥ ತೆರೆದು ಪರೀಕ್ಷಿಸಿದರು. ಗ್ರಂಥ ಅವರನ್ನು ಅವಿಧೇಯರೆನ್ನುವುದಿಲ್ಲ, ಮೆಚ್ಚಿಕೊಳ್ಳುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತ ದಾರಿಯೇ.

ಬೋಧಕರಿಗೂ ಕಿವಿ ಬೇಕು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದದ್ದು ಉಪದೇಶ ಮಾಡಲೆಂದು. ಆದರೆ ಅವರು ಕನ್ನಡ ಕಲಿತು, ಇಲ್ಲಿನವರ ಹಾಡುಗಳಿಗೂ ಗಾದೆಗಳಿಗೂ ಕಿವಿಗೊಟ್ಟರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಮುಂದೆ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಇನ್ನೊಬ್ಬರ ಭಕ್ತಿಗೆ ಕಿವಿಗೊಟ್ಟದ್ದರಿಂದ ಅವರು ತಮ್ಮ ನಂಬಿಕೆಯನ್ನೇನೂ ಕಳೆದುಕೊಳ್ಳಲಿಲ್ಲ. ಕನ್ನಡಕ್ಕಂತೂ ಲಾಭವಾಯಿತು.

ನೀವು ಕ್ರೈಸ್ತರಾಗಿದ್ದರೆ, ಮುಂದಿನ ಭಾನುವಾರ ಉಪದೇಶಕ್ಕೆ ಹೋಗುವ ಮೊದಲು ಅಂದಿನ ವೇದಪಾಠವನ್ನು ಒಮ್ಮೆ ಓದಿಕೊಳ್ಳಿ. ಕೇಳುವಾಗ ಒಂದು ಮಾತನ್ನಾದರೂ ಹಿಡಿದಿಟ್ಟುಕೊಳ್ಳಿ. ಇದು ಪಕ್ಕದ ಮನೆಯವರಿಗಾಗಿ ಹೇಳಿದ್ದು ಎನಿಸಿದಾಗ, ತನಗೂ ಇರಬಹುದೇ ಎಂದು ಯೋಚಿಸಿ. ಮನೆಗೆ ಬಂದು ಪರೀಕ್ಷಿಸಿ. ಸರಿಯೆನಿಸಿದ್ದನ್ನು ಆ ವಾರವೇ ಆಚರಿಸಿ ನೋಡಿ. ಬೇರೆ ಧರ್ಮದವರಾಗಿದ್ದರೆ, ನಿಮ್ಮ ಮಠದ ಪ್ರವಚನಕ್ಕೂ ಮಸೀದಿಯ ಉಪದೇಶಕ್ಕೂ ಇದೇ ಕ್ರಮ ಸಲ್ಲುತ್ತದೆ. ಬೋಧಕರು ಬೀಜ ಚೆಲ್ಲಿ ಮುಂದಿನ ಊರಿಗೆ ಹೋಗುತ್ತಾರೆ. ಕಳೆ ಕೀಳಬೇಕಾದವರು ನಾವು.