ಮನೆಯೊಳಗೆ ರೇಂಜ್ ಇಲ್ಲವೇ?



ಅಂಗಳದ ತುದಿಯಲ್ಲಿ ನಿಂತರೆ ಮಾತನಾಡಬಹುದು. ಜಗಲಿಗೆ ಬಂದರೆ ಮಾತು ತುಂಡು ತುಂಡಾಗುತ್ತದೆ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ಫೋನು ಮೂಕವಾಗುತ್ತದೆ. ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯ ತೋಟದ ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮವರು ಇಷ್ಟನ್ನೂ ‘ರೇಂಜ್ ಇಲ್ಲ’ ಎಂಬ ಎರಡೇ ಮಾತಿನಲ್ಲಿ ಮುಗಿಸುತ್ತಾರೆ.

ಹಗಲು ಹೊತ್ತಿನಲ್ಲಿ ಇದೊಂದು ಕಿರಿಕಿರಿ, ಅಷ್ಟೆ. ಬ್ಯಾಂಕಿನ ಒ.ಟಿ.ಪಿ. ಬರಲಿಲ್ಲವೆಂದು ಫೋನು ಹಿಡಿದು ತೋಟದ ಬದಿಗೆ ನಡೆಯುತ್ತೇವೆ. ಆದರೆ ರಾತ್ರಿ ಎರಡು ಗಂಟೆಗೆ ಮನೆಯ ಹಿರಿಯರಿಗೆ ಎದೆನೋವು ಬಂದಿದೆ, ಹೊರಗೆ ಆಟಿ ತಿಂಗಳ ಮಳೆ ಸುರಿಯುತ್ತಿದೆ, ಆಂಬುಲೆನ್ಸಿಗೆ ಹೇಳಬೇಕಾದರೆ ಕೊಡೆ ಹಿಡಿದು ಗುಡ್ಡೆ ಹತ್ತಬೇಕು ಎಂದಾದರೆ, ಆ ಮನೆಯಲ್ಲಿ ಫೋನು ಇದ್ದೂ ಇಲ್ಲದಂತೆಯೇ. ಆದುದರಿಂದ ಇದನ್ನು ಸಣ್ಣ ವಿಷಯವೆಂದು ತಳ್ಳಿಬಿಡುವಂತಿಲ್ಲ.

ಇದಕ್ಕೆ ಪರಿಹಾರವೆಂದು ‘ಬೂಸ್ಟರ್’ ಎಂಬ ಪೆಟ್ಟಿಗೆಯೊಂದು ಮಾರಾಟಕ್ಕೆ ಸಿಗುತ್ತದೆ. ಒಂದು ಆಂಟೆನಾ ಮಾಡಿನ ಮೇಲೆ, ಒಂದು ಮನೆಯೊಳಗೆ, ನಡುವೆ ಈ ಪೆಟ್ಟಿಗೆ. ಇಟ್ಟೊಡನೆ ಫೋನಿನಲ್ಲಿ ಕಡ್ಡಿಗಳು ತುಂಬುತ್ತವೆ. ಇದನ್ನು ತರಿಸಬಹುದೇ ಎಂದು ನೀವು ಕೇಳಿದರೆ, ಬೇಡ ಎಂದೇ ಹೇಳಬೇಕಾಗುತ್ತದೆ. ಏಕೆ ಬೇಡ, ಅದರ ಬದಲು ಏನು ಮಾಡಬಹುದು ಎಂಬುದು ಇಂದಿನ ಮಾತು.

ಮೊದಲು ಒಂದು ಸಂಶಯ ನಿವಾರಣೆಯಾಗಲಿ. ರೇಡಿಯೋ ಅಡುಗೆಮನೆಯ ಮೂಲೆಯಲ್ಲೂ ಕೇಳಿಸುತ್ತದೆ, ಫೋನಿಗೆ ಮಾತ್ರ ಏನು ಬಂತು? ಎರಡೂ ರೇಡಿಯೋ ತರಂಗಗಳೇ. ಆದರೆ ಅವುಗಳ ಉದ್ದ ಬೇರೆ. 1000 ಕಿಲೋಹರ್ಟ್ಸ್‌ನ ಮಧ್ಯಮ ತರಂಗದ ಉದ್ದ 300 ಮೀಟರ್. 900 ಮೆಗಾಹರ್ಟ್ಸ್‌ನ ಮೊಬೈಲ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. 1800 ಮೆಗಾಹರ್ಟ್ಸ್‌ನದು ಅದರ ಅರ್ಧ. 5ಜಿಗೆ ಬಳಸುವ 3500 ಮೆಗಾಹರ್ಟ್ಸ್‌ನದು ಎಂಟೂವರೆ ಸೆಂಟಿಮೀಟರ್ ಮಾತ್ರ. ಉದ್ದನೆಯ ತರಂಗ ಗುಡ್ಡೆಯನ್ನು ಬಳಸಿಕೊಂಡು ಈಚೆಗೆ ಬರಬಲ್ಲದು. ಗಿಡ್ಡ ತರಂಗ ಹೆಚ್ಚುಕಡಿಮೆ ಬೆಳಕಿನಂತೆ. ಅಡ್ಡ ಏನಾದರೂ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ.

ನಮ್ಮ ಮನೆಗಳಾದರೋ ನೀರಿನ ಅನುಕೂಲ ನೋಡಿ ತಗ್ಗಿನಲ್ಲಿ ಕಟ್ಟಿದವು. ಸುತ್ತ ಗುಡ್ಡೆ, ಗುಡ್ಡೆಗೂ ಮನೆಗೂ ನಡುವೆ ಅಡಿಕೆ ತೋಟ. ಮಳೆಗಾಲದಲ್ಲಿ ಒದ್ದೆ ಸೋಗೆ ತರಂಗವನ್ನು ಇನ್ನಷ್ಟು ಹೀರುತ್ತದೆ. ಇಷ್ಟನ್ನು ದಾಟಿ ಬಂದರೆ ದಪ್ಪನೆಯ ಕೆಂಪುಕಲ್ಲಿನ ಗೋಡೆ. ಹಂಚಿನ ಮಾಡಾದರೆ ಅಷ್ಟು ಬಾಧಕವಲ್ಲ. ಈಗ ಹಂಚಿನ ಬದಲು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ತಾರಸಿ ಬಂದಿದೆ. ಅದರ ಮೇಲೆ ಮಳೆಗೆಂದೂ ಅಡಿಕೆ ಒಣಗಿಸಲೆಂದೂ ತಗಡಿನ ಶೀಟು ಬಂದಿದೆ. ತಗಡು ಈ ತರಂಗಗಳಿಗೆ ಕನ್ನಡಿ ಇದ್ದ ಹಾಗೆ. ಬಿದ್ದುದನ್ನು ಅತ್ತಲೇ ಹಿಂದಿರುಗಿಸುತ್ತದೆ.

ಇನ್ನೊಂದು ಸಂಗತಿ. ಕೆಲವೊಮ್ಮೆ ಫೋನಿನಲ್ಲಿ ಎರಡು ಕಡ್ಡಿ ಕಾಣುತ್ತದೆ, ಆದರೆ ಕರೆ ಹೋಗುವುದಿಲ್ಲ. ಕಾರಣ ಸರಳ. ರೇಡಿಯೋ ಕೇಳುವುದು ಒಮ್ಮುಖ, ಫೋನು ಇಮ್ಮುಖ. ಜಾತ್ರೆಯ ಗದ್ದೆಯಲ್ಲಿ ಒಬ್ಬರು ಮೈಕ್ ಹಿಡಿದು ಹೇಳುವುದು ಅರ್ಧ ಮೈಲು ದೂರದ ನಿಮಗೆ ಕೇಳುತ್ತದೆ. ನೀವು ಬರಿಯ ಬಾಯಿಯಿಂದ ಓಗೊಟ್ಟರೆ ಅವರಿಗೆ ಕೇಳೀತೇ? ಗೋಪುರ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ. ನಿಮ್ಮ ಕೈಯ 4ಜಿ ಫೋನು ಹೆಚ್ಚೆಂದರೆ ಒಂದು ವಾಟಿನ ಐದನೆಯ ಒಂದು ಭಾಗದಷ್ಟರಲ್ಲಿ ಉತ್ತರಿಸುತ್ತದೆ. ರೇಂಜ್ ಕಡಿಮೆಯಾದಷ್ಟೂ ಫೋನು ತನ್ನ ಗಂಟಲು ಏರಿಸುತ್ತದೆ. ಒಳಗಿಟ್ಟ ಫೋನಿನ ಚಾರ್ಜು ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣ.

ಈಗ ಬೂಸ್ಟರಿನ ವಿಷಯಕ್ಕೆ ಬರೋಣ. ಮೈಕನ್ನು ಲೌಡ್‌ಸ್ಪೀಕರಿನ ಎದುರು ಹಿಡಿದರೆ ಏನಾಗುತ್ತದೆ? ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ, ಹೀಗೆ ಸುತ್ತಿ ಸುತ್ತಿ ‘ಕುಂಯ್’ ಎಂಬ ಕೂಗು ಏಳುತ್ತದೆ. ಸಭೆಯೇ ಕಿವಿ ಮುಚ್ಚಿಕೊಳ್ಳುತ್ತದೆ. ಬೂಸ್ಟರಿನ ಹೊರ ಆಂಟೆನಾ, ಒಳ ಆಂಟೆನಾಗಳ ನಡುವೆ ಸಾಕಷ್ಟು ಮರೆ ಇಲ್ಲದಿದ್ದರೆ ಇದೇ ಕೂಗು ರೇಡಿಯೋ ತರಂಗದ ರೂಪದಲ್ಲಿ ಏಳುತ್ತದೆ. ನಿಮ್ಮ ಕಿವಿಗೆ ಅದು ಕೇಳುವುದಿಲ್ಲ, ಗೋಪುರಕ್ಕೆ ಕೇಳುತ್ತದೆ. ಕೂಗು ಏಳದಿದ್ದರೂ ಅಗ್ಗದ ಪೆಟ್ಟಿಗೆ ನಿಮ್ಮ ಫೋನಿನ ದನಿಯೊಂದಿಗೆ ಗದ್ದಲವನ್ನೂ ಜೋರು ಮಾಡಿ ಗೋಪುರದತ್ತ ಕಳುಹಿಸುತ್ತದೆ. ಆ ಗದ್ದಲದಲ್ಲಿ ದೂರದ ಮನೆಗಳ ಸಣ್ಣ ದನಿ ಗೋಪುರಕ್ಕೆ ಕೇಳದೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಕಡ್ಡಿ ತುಂಬಿತು. ಗುಡ್ಡೆಯಾಚೆಯ ಮನೆಯಲ್ಲಿ ಇದ್ದ ಒಂದು ಕಡ್ಡಿಯೂ ಪ್ರಯೋಜನಕ್ಕೆ ಬಾರದೆ ಹೋಯಿತು. ಆ ರಾತ್ರಿ ಎದೆನೋವು ಬಂದುದು ಆ ಮನೆಯಲ್ಲಾದರೆ?

ಕಾನೂನು ಇದನ್ನು ತಡೆಯುವುದು ಈ ಕಾರಣಕ್ಕೇ. ಪರವಾನಗಿ ಇಲ್ಲದೆ ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು 1933ರ ವೈರ್‌ಲೆಸ್ ಕಾಯಿದೆಯ ಕಾಲದಿಂದ ಬಂದ ನಿಯಮ. 2023ರ ದೂರಸಂಪರ್ಕ ಕಾಯಿದೆಯಲ್ಲೂ ಇದೇ ತತ್ತ್ವವಿದೆ. ಮೊಬೈಲ್ ಸೇವೆಯ ಪರವಾನಗಿ ಪಡೆದ ಕಂಪನಿಗಳಲ್ಲದೆ ಬೇರೆ ಯಾರೂ ಬೂಸ್ಟರನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ಕೇಂದ್ರ ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಸಾರ್ವಜನಿಕ ಸೂಚನೆಯನ್ನೇ ಹೊರಡಿಸಿತು. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಬಳಸಬಹುದು ಎಂದಲ್ಲ.

ಹಾಗಾದರೆ ಮಾಡುವುದೇನು? ದುಡ್ಡು ಬೇಡದ ಕೆಲಸದಿಂದ ಆರಂಭಿಸೋಣ.

ಮೊದಲನೆಯದು, ನಿಮ್ಮ ಮನೆಯನ್ನೇ ಅಳೆದು ನೋಡುವುದು. ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಫೋನಿನಲ್ಲಿ ಅವು ಒಂದೊಂದು ರೀತಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ವಿವರದೊಳಗೆ ‘ಸಿಮ್ ಸ್ಟೇಟಸ್’ ನೋಡಿದರೆ ಸಿಗ್ನಲಿನ ಅಂಕಿ ಸಿಗುತ್ತದೆ. ಅದು ಮೈನಸ್ ಸಂಖ್ಯೆ, ಅಳತೆ ಡಿ.ಬಿ.ಎಂ. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನಾಗಿದೆ. ಮೈನಸ್ 100 ಸಾಧಾರಣ. ಮೈನಸ್ 110ಕ್ಕಿಂತಲೂ ಕೆಳಗಿಳಿದರೆ ಕರೆಯನ್ನು ನಂಬುವಂತಿಲ್ಲ. ಈ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೆಯ ಒಂದು ಪಾಲಾಯಿತು, 20 ಇಳಿದರೆ ನೂರನೆಯ ಒಂದು ಪಾಲು. ಒಂದು ಕಾಗದದಲ್ಲಿ ಜಗಲಿ, ಚಾವಡಿ, ಅಡುಗೆಮನೆ, ಅಟ್ಟ, ಮಲಗುವ ಕೋಣೆ ಎಂದು ಬರೆದು, ಪ್ರತಿಯೊಂದು ಕಡೆ ಒಂದೆರಡು ನಿಮಿಷ ನಿಂತು ಅಂಕಿ ಗುರುತಿಸಿ. ಗೋಪುರ ಇರುವ ದಿಕ್ಕಿನ ಕಿಟಕಿ ಯಾವುದೆಂದು ತಿಳಿಯುತ್ತದೆ. ರಾತ್ರಿ ಫೋನು ಇಡುವ ಜಾಗ ಆ ಕಿಟಕಿಯ ದಂಡೆಯಾಗಲಿ. ಹಿರಿಯರ ಮಂಚ ಅದರ ಹತ್ತಿರ ಬಂದರೆ ಇನ್ನೂ ಒಳ್ಳೆಯದು.

ಎರಡನೆಯದು, ಬೇರೆ ಕಂಪನಿಯ ಸಿಮ್ ಹೇಗಿದೆಯೆಂದು ನೋಡುವುದು. ಮನೆಗೆ ನೆಂಟರು ಬಂದಾಗ ಅವರ ಫೋನನ್ನೂ ಅದೇ ಕೋಣೆಗಳಲ್ಲಿ ಹಿಡಿದು ಅಂಕಿ ಬರೆದುಕೊಳ್ಳಿ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ಗೋಡೆಯನ್ನು ಚೆನ್ನಾಗಿ ತೂರುತ್ತವೆ, 2300ರಂಥವು ಕಡಿಮೆ. ಯಾವ ಕಂಪನಿ ಯಾವ ಗೋಪುರದಿಂದ ಯಾವುದನ್ನು ಬಿಡುತ್ತದೆ ಎಂಬುದರ ಮೇಲೆ ಒಂದೇ ಕೋಣೆಯಲ್ಲಿ ಎರಡು ಸಿಮ್ಮಿಗೆ ಎರಡು ಫಲ. ಪರೀಕ್ಷಿಸಿ ಖಚಿತವಾದ ಬಳಿಕ, ನಂಬರು ಬದಲಿಸದೆ ಕಂಪನಿಯನ್ನು ಬದಲಿಸಬಹುದು. ಈ ಸೌಕರ್ಯ ದೇಶದೆಲ್ಲೆಡೆ 2011ರ ಜನವರಿಯಿಂದ ಇದೆ. ಗಡಿಯ ಹತ್ತಿರದವರು ಇನ್ನೊಂದನ್ನು ಗಮನಿಸಿ. ನಿಮಗೆ ಹತ್ತಿರದ ಗೋಪುರ ಕರ್ನಾಟಕದ್ದೂ ಆಗಿರಬಹುದು. ಫೋನಿನಲ್ಲಿ ರೋಮಿಂಗ್ ಮುಚ್ಚಿದ್ದರೆ ತೆರೆದು ನೋಡಿ. ಜಾಹೀರಾತಿನಲ್ಲಿ ಭಾಷೆಯ ಹೆಸರಿನಲ್ಲಿ ರಾಜ್ಯ ಬೇರೆಯಾದರೂ ತರಂಗಕ್ಕೆ ಗಡಿಕಲ್ಲು ಕಾಣುವುದಿಲ್ಲ.

ಮೂರನೆಯದು, ವೈಫೈ ಮೂಲಕ ಕರೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಗೋಪುರದ ಬದಲು ನಿಮ್ಮ ಕರೆ ಮನೆಯ ವೈಫೈ ಮೂಲಕ ಹೋಗುತ್ತದೆ. ನಂಬರು ಅದೇ, ಡಯಲ್ ಮಾಡುವುದೂ ಎಂದಿನಂತೆಯೇ. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ ಆರಂಭಿಸಿತು, ಜಿಯೋ 2020ರ ಜನವರಿಯಲ್ಲಿ. ಹೆಚ್ಚಿನವರ ಫೋನಿನಲ್ಲಿ ಸೌಕರ್ಯ ಇದ್ದೂ ‘ವೈಫೈ ಕಾಲಿಂಗ್’ ಎಂಬ ಗುಂಡಿ ಮುಚ್ಚಿಯೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ತೆರೆದರಾಯಿತು. ಸಿಗದಿದ್ದರೆ ಮನೆಯ ಶಾಲೆ ಮಕ್ಕಳಿಗೆ ಹೇಳಿ, ಅರ್ಧ ನಿಮಿಷದ ಕೆಲಸ.

ಆದರೆ ಇಲ್ಲೊಂದು ಎಚ್ಚರ ಬೇಕು. ಹಿಂದಿನ ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಅದು ಮಾತನಾಡುತ್ತಿತ್ತು. ಫೈಬರಿಗೆ ಹಾಗಲ್ಲ. ಕರೆಂಟು ಹೋದೊಡನೆ ಪೆಟ್ಟಿಗೆ ಆರುತ್ತದೆ, ವೈಫೈ ಹೋಗುತ್ತದೆ. ನಮ್ಮಲ್ಲಿ ಮಳೆಗಾಲದ ರಾತ್ರಿಯೇ ಕರೆಂಟು ಹೋಗುವುದು, ಫೋನು ಬೇಕಾಗುವುದೂ ಆಗಲೇ. ಆದುದರಿಂದ ಇನ್ವರ್ಟರ್ ಇದ್ದವರು ಫೈಬರಿನ ಪೆಟ್ಟಿಗೆಯನ್ನು ಅದಕ್ಕೆ ಸೇರಿಸಿ. ಇಲ್ಲದವರು ರೌಟರಿಗೆಂದೇ ಬರುವ ಸಣ್ಣ ಯು.ಪಿ.ಎಸ್. ಒಂದನ್ನು ಇಟ್ಟುಕೊಳ್ಳಿ.

ನಾಲ್ಕನೆಯದು, ಆಂಟೆನಾ. ದೂರದರ್ಶನದ ಆರಂಭದ ದಿನಗಳು ನಿಮಗೆ ನೆನಪಿರಬಹುದು. ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿ, ಒಬ್ಬರು ಮೇಲೆ ತಿರುಗಿಸುತ್ತ ‘ಬಂತಾ?’ ಎನ್ನುವುದು, ಒಳಗಿನವರು ‘ಇಲ್ಲ, ಇನ್ನೂ ಸ್ವಲ್ಪ’ ಎನ್ನುವುದು. ಆ ವಿದ್ಯೆ ಈಗಲೂ ಪ್ರಯೋಜನಕ್ಕೆ ಬರುತ್ತದೆ. ಫೈಬರ್ ಬಾರದ ಮನೆಗಳಿಗೆ ಸಿಮ್ ಹಾಕುವ ಮೇಜಿನ ಫೋನು, ಸಿಮ್ ಹಾಕುವ 4ಜಿ ರೌಟರ್ ಸಿಗುತ್ತವೆ. ಇವುಗಳಲ್ಲಿ ಕೆಲವಕ್ಕೆ ಹೊರಗಿನ ಆಂಟೆನಾ ಜೋಡಿಸುವ ತೂತು ಇರುತ್ತದೆ. ಮಾಡಿನ ಮೇಲೆ ಗೋಪುರದತ್ತ ಮುಖ ಮಾಡಿದ ಯಾಗಿ ಆಂಟೆನಾ ಕಟ್ಟಿ ಕೇಬಲನ್ನು ಇದಕ್ಕೆ ಕೊಟ್ಟರೆ, ಮನೆಯೊಳಗೆ ಸ್ಥಿರವಾದ ಫೋನೊಂದು ಸಿಕ್ಕಿದಂತೆ. ಇದು ಬೂಸ್ಟರ್ ಅಲ್ಲ. ಊರಿನವರೆಲ್ಲರ ತರಂಗವನ್ನು ಜೋರು ಮಾಡಿ ಮತ್ತೆ ಬಿತ್ತರಿಸುವ ಕೆಲಸ ಇಲ್ಲಿಲ್ಲ. ತನ್ನ ಒಂದು ಕರೆಯನ್ನು ಒಳ್ಳೆಯ ಜಾಗದಿಂದ ಆಡುತ್ತದೆ, ಅಷ್ಟೆ. ಸರಕಾರದ ಮಾನ್ಯತೆ ಪಡೆದ ಉಪಕರಣವನ್ನೇ ಕೊಳ್ಳಿ. ಕೊಳ್ಳುವ ಮೊದಲು, ಆ ಆಂಟೆನಾ ನಿಮ್ಮ ಕಂಪನಿಯ ಮೆಗಾಹರ್ಟ್ಸಿಗೆ ಹೊಂದುತ್ತದೆಯೇ ಎಂದು ಕೇಳಿ.

ಇಲ್ಲಿ ಹೆಚ್ಚಿನವರು ಮೋಸಹೋಗುವುದು ಕೇಬಲಿನಲ್ಲಿ. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಒಂದು ದಿಕ್ಕಿನದನ್ನು ಒಟ್ಟುಗೂಡಿಸುತ್ತದೆ. ಹಾಗೆ ಕೂಡಿದ್ದನ್ನು ಸಪುರ ಕೇಬಲು ದಾರಿಯಲ್ಲೇ ಸೋರಿಸಿಬಿಡುತ್ತದೆ. ಆರ್.ಜಿ. 58 ಎಂಬ ಸಪುರ ಕೇಬಲಿನಲ್ಲಿ 900 ಮೆಗಾಹರ್ಟ್ಸ್‌ನ ತರಂಗ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 5 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಎಂದರೆ ಮೂರರಲ್ಲಿ ಒಂದು ಪಾಲಷ್ಟೇ ಕೆಳಗೆ ಮುಟ್ಟುತ್ತದೆ. ದಪ್ಪದ ಎಲ್.ಎಂ.ಆರ್. 400 ಕೇಬಲಿನಲ್ಲಿ ನಷ್ಟ ಒಂದೂಕಾಲು ಡೆಸಿಬೆಲ್ಲಿನ ಆಸುಪಾಸು. ಕೇಬಲು ದಪ್ಪವಿರಲಿ, ಗಿಡ್ಡವಿರಲಿ. ಜೋಡಣೆಯ ಬಾಯಿಗೆ ಮಳೆನೀರು ಇಳಿಯದಂತೆ ಸುತ್ತಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಕೇಬಲು ಕಳಚಿಡುವ ಹಳೆಯ ಅಭ್ಯಾಸವನ್ನು ಬಿಡಬೇಡಿ. ವಿದ್ಯುತ್ ತಂತಿ ಹಾದುಹೋಗುವ ಕಡೆ ಗಳು ಏರಿಸಲೇಬೇಡಿ.

ಐದನೆಯದು, ಒಟ್ಟಾಗಿ ಕೇಳುವುದು. ಎಲ್ಲ ಮನೆಗಳಲ್ಲೂ ಅಂಕಿ ಮೈನಸ್ 110ರ ಕೆಳಗಿದ್ದರೆ ಅದು ನಿಮ್ಮ ಗೋಡೆಯ ತಪ್ಪಲ್ಲ, ಗೋಪುರದ ಕೊರತೆ. ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, 2024ರ ನಿಯಮದಲ್ಲಿ ವಿಧಿಸಿದೆ. ನಿಮ್ಮ ಊರನ್ನು ಆ ನಕ್ಷೆಯಲ್ಲಿ ನೋಡಿ. ನಕ್ಷೆಯಲ್ಲಿ ಬಣ್ಣ ತುಂಬಿದ್ದು ಮನೆಯಲ್ಲಿ ಫೋನು ಮೂಕವಾಗಿದ್ದರೆ ಅದೇ ನಿಮ್ಮ ದೂರಿಗೆ ಆಧಾರ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಿ, ಅವರು ಕೊಡುವ ಡಾಕೆಟ್ ನಂಬರು ಬರೆದಿಟ್ಟುಕೊಳ್ಳಿ. ಫಲ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಒಬ್ಬರ ದೂರಿಗಿಂತ ಹತ್ತು ಮನೆಯವರು ಕೋಣೆ ಕೋಣೆಯ ಅಂಕಿಗಳ ಸಮೇತ ಸಹಿ ಮಾಡಿದ ಮನವಿಗೆ ತೂಕ ಹೆಚ್ಚು. ಅದರ ಒಂದು ಪ್ರತಿ ಪಂಚಾಯತಿಗೂ ಹೋಗಲಿ. ಶಾಲೆ, ಆಸ್ಪತ್ರೆಗಳಂಥ ಕಟ್ಟಡಗಳೊಳಗೆ ಬೂಸ್ಟರ್ ಬೇಕಾದರೂ ಕಂಪನಿಯನ್ನೇ ಕೇಳಬೇಕು. ಅವರು ಗೋಪುರಕ್ಕೆ ಬಾಧೆಯಾಗದಂತೆ ಅಳೆದು ಇಡಬಲ್ಲರು.

ಕೊನೆಯದಾಗಿ, ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕಾದ ಒಂದು ಮಾತು. ನಿಮ್ಮ ಕಂಪನಿಯ ರೇಂಜ್ ಪೂರ್ತಿ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ತರಂಗ ಅಲ್ಲಿ ಮುಟ್ಟುತ್ತಿದ್ದರೆ, 112ಕ್ಕೆ ಮಾಡಿದ ತುರ್ತು ಕರೆ ಅದರ ಮೂಲಕ ಹೋಗಬಲ್ಲದು. ಫೋನಿನಲ್ಲಿ ‘ತುರ್ತು ಕರೆ ಮಾತ್ರ’ ಎಂದು ಕಾಣಿಸುವುದರ ಅರ್ಥ ಅದೇ. ಅದನ್ನು ನೋಡಿ ಫೋನು ಕೆಟ್ಟಿದೆಯೆಂದು ಕೆಳಗಿಡಬೇಡಿ, 112 ಒತ್ತಿ.

ಒಂದೇ ಗೋಪುರದ ಕೆಳಗೆ ಇರುವವರು ಒಂದೇ ಕೆರೆಯ ನೀರು ಹಾಯಿಸುವವರ ಹಾಗೆ. ಕಟ್ಟ ಒಡೆದು ತನ್ನ ಗದ್ದೆಗೆ ಮಾತ್ರ ನೀರು ತಿರುಗಿಸಿಕೊಂಡವನನ್ನು ಊರು ಮೆಚ್ಚುವುದಿಲ್ಲ. ಈ ವಾರ ಬಿಡುವಾದಾಗ ಕಾಗದ, ಪೆನ್ನು ಹಿಡಿದು ನಿಮ್ಮ ಮನೆಯ ಕೋಣೆಗಳನ್ನು ಒಮ್ಮೆ ಅಳೆಯಿರಿ. ಮಳೆಗಾಲ ಬರುವ ಮುಂಚೆ ರಾತ್ರಿ ಫೋನು ಇಡುವ ಜಾಗ ಯಾವುದೆಂದು ಮನೆಯವರಿಗೆಲ್ಲ ಗೊತ್ತಿರಲಿ.